ಬಂಡೆ ಮೇಲಿನ ಹೂವು, ರಸ್ತೆ ಬದಿಯ ಹೊಂಗೆ

ಕಳೆದ ವಾರ ತಣಿಸಂದ್ರದ ನಮ್ಮ ಬೀದಿಯಲ್ಲಿ ಯಾರೋ ಉದುರಿದ ಹೊಂಗೆ ಹೂವನ್ನೆಲ್ಲ ಗುಡಿಸಿ ಮೂಲೆಯಲ್ಲಿ ಗುಡ್ಡೆ ಹಾಕಿದ್ದರು. ಹಿಂದಿನ ಸಂಜೆ ಬಿದ್ದ ಮಳೆಗೆ ಅದು ನೆನೆದು, ಅರ್ಧ ಸಿಹಿ ಅರ್ಧ ಒಗರಾದ ಒಂದು ವಾಸನೆ ಬರುತ್ತಿತ್ತು. ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಹಿಂದೆ ಆಟೋದವನು ಹಾರನ್ ಹೊಡೆದ. ನನಗೆ ಆ ವಾಸನೆ ಎಂದರೆ ನಲವತ್ತನಾಲ್ಕನೆಯ ವಯಸ್ಸು. ಇಪ್ಪತ್ತೆರಡರ ಹುಡುಗ ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂತು ಎಂ.ಎಸ್ಸಿ. ಓದಿದ ವರ್ಷ.

ಅದಕ್ಕೂ ಮೊದಲು ಹದಿನೈದು ವರ್ಷ ಯಶವಂತಪುರದ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿದ್ದೆ. ಬೇರೆಯವರು ನೋಡುವ ಸ್ಲೈಡ್ ತೊಳೆಯುವುದು, ಬೇರೆಯವರು ಕತ್ತರಿಸುವ ಬೇರನ್ನು ನೆನೆಸಿಡುವುದು, ಸೂಕ್ಷ್ಮದರ್ಶಕದ ಮೇಲಿನ ಧೂಳು ಒರೆಸುವುದು ನನ್ನ ಕೆಲಸ. ಮದುವೆಗೆ ಮುಂಚೆ ಬಿ.ಎಸ್ಸಿ. ಮುಗಿಸಿದ್ದೆ. ಒಮ್ಮೆ ಹೊಸದಾಗಿ ಬಂದ ಒಬ್ಬ ಉಪನ್ಯಾಸಕರು ಒಂದು ಎಲೆಯನ್ನು ತಪ್ಪಾಗಿ ಹೆಸರಿಸಿದರು. ನಾನು ಮೆಲ್ಲಗೆ ತಿದ್ದಿದೆ. "ನೀವು ಟ್ರೇ ಎತ್ಕೊಂಡ್ ಹೋಗಿ ಮೇಡಂ" ಎಂದರು. ಅವತ್ತು ಸಂಜೆ ಮನೆಗೆ ಬಂದು ನನ್ನ ಗಂಡ ನಾಗರಾಜನಿಗೆ, "ನಾನು ಮತ್ತೆ ಓದ್ತೀನಿ" ಎಂದೆ. ಅವರು ತಮ್ಮ ಎಲೆಕ್ಟ್ರಿಕಲ್ ಅಂಗಡಿಯ ಬೀಗದ ಕೈ ಮೊಳೆಗೆ ಹಾಕುತ್ತ, "ಓದು. ಬೆಳಿಗ್ಗೆ ತಿಂಡಿ ನಾನ್ ಮಾಡ್ತೀನಿ, ಉಪ್ಪಿಟ್ಟಾದ್ರೆ" ಎಂದರು. ಎರಡು ವರ್ಷ ನಾವು ತಿಂದದ್ದು ಹೆಚ್ಚಾಗಿ ಉಪ್ಪಿಟ್ಟೇ.

ಹೆಬ್ಬಾಳದ ಕಡೆಯ ಆ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಪ್ರಾಜೆಕ್ಟ್ ಹಂಚುವ ದಿನ ನನ್ನ ಸರದಿ ಕೊನೆಗೆ ಬಂತು. ನನ್ನ ಗೈಡ್ ಶಾಲಿನಿ ಮೇಡಂ ನನಗಿಂತ ಏಳು ವರ್ಷ ಚಿಕ್ಕವರು. ನನ್ನನ್ನು 'ಮಂಜುಳಾ ಅವರೇ' ಎಂದು ಕರೆಯುವಾಗ ಇಬ್ಬರಿಗೂ ಸ್ವಲ್ಪ ಮುಜುಗರ. ಔಷಧಿ ಗಿಡ, ಅಂಗಾಂಶ ಕೃಷಿ, ಪಾಚಿ ಎಲ್ಲ ಹಂಚಿಹೋಗಿದ್ದವು.

"ಒಂದು ಹೋಲಿಕೆ ಮಾಡ್ತೀರಾ?" ಎಂದರು ಮೇಡಂ. "ಅಪರೂಪದ ಗಿಡ ಒಂದು, ಎಲ್ಲೆಲ್ಲೂ ಇರೋ ಮರ ಒಂದು. ಎರಡೂ ಹೇಗೆ ಹೂ ಬಿಡ್ತವೆ, ಎಷ್ಟು ಕಾಯಿ ಕಟ್ತವೆ, ಎಷ್ಟು ಮರಿ ಬೆಳೀತವೆ. ಒಂದು ವರ್ಷ ಬರೀ ಎಣಿಸೋ ಕೆಲಸ. ಯಾರಿಗೂ ಬೇಡವಾಗಿದೆ."

ಎಣಿಸುವುದು ನನಗೆ ಹೊಸದಲ್ಲ. ಒಪ್ಪಿಕೊಂಡೆ. ಮರ ಯಾವುದು ಎಂದಾಗ ಯೋಚಿಸದೆ ಹೊಂಗೆ ಎಂದೆ. ಕಿಟಕಿಯ ಹೊರಗೆ ಅದೇ ನಿಂತಿತ್ತು. ಅಪರೂಪದ್ದಕ್ಕೆ ಮೇಡಂ ಒಂದು ನೆಲದ ಆರ್ಕಿಡ್ ಹೇಳಿದರು. ಬೇಸಿಗೆಯೆಲ್ಲ ಮಣ್ಣಿನೊಳಗೆ ಗೆಡ್ಡೆಯಾಗಿ ಮಲಗಿ, ಮಳೆ ಬಿದ್ದ ಮೇಲೆ ಎರಡೇ ಎಲೆ ನೆಲಕ್ಕೆ ಅಂಟಿಸಿ, ಶ್ರಾವಣ ಭಾದ್ರಪದದ ಹೊತ್ತಿಗೆ ಬಿಳಿ ಹೂವಿನ ತೆನೆ ಎತ್ತುವ ಗಿಡ. ಹಿಂದೆ ಬೆಂಗಳೂರು ಸುತ್ತಲಿನ ಬಂಡೆಗಳ ಮೇಲೆ ಇತ್ತಂತೆ. ಈಗ ಹುಡುಕಬೇಕು.

ಕ್ಯಾಂಟೀನಿನಲ್ಲಿ ಹುಡುಗರು ನಕ್ಕರು. "ಆಂಟಿ, ಹೊಂಗೆ ಮೇಲೆ ಏನ್ ಪ್ರಾಜೆಕ್ಟು? ಅದು ಎಲ್ಲಾ ಕಡೆ ಇದೆಯಲ್ಲ!" ಒಬ್ಬ ನನಗೆ 'ಹೊಂಗೆ ಆಂಟಿ' ಎಂದು ಹೆಸರಿಟ್ಟ. ಆರ್ಕಿಡ್ ವಿಷಯಕ್ಕೆ ಮಾತ್ರ ಎಲ್ಲರಿಗೂ ಆಸಕ್ತಿ. ಸಿಕ್ಕರೆ ಫೋಟೋ ಕಳಿಸಿ ಎಂದರು.

ಯಲಹಂಕ ದಾಟಿದ ಮೇಲೆ ದೊಡ್ಡಬಳ್ಳಾಪುರ ರಸ್ತೆಯ ಪಕ್ಕದಲ್ಲಿ ಹಳೆಯ ಹೊಂಗೆ ಸಾಲು ಇನ್ನೂ ಒಂದಷ್ಟು ಉಳಿದಿತ್ತು. ಆ ಏಪ್ರಿಲ್ ಪೂರ್ತಿ ಬೆಳಿಗ್ಗೆ ಆರಕ್ಕೆ ಅಲ್ಲಿರುತ್ತಿದ್ದೆ. ಮರಕ್ಕೆ ಸುಣ್ಣದಲ್ಲಿ ಅಂಕಿ ಬರೆದು, ಟೇಪು ಸುತ್ತಿ ಸುತ್ತಳತೆ ಬರೆದುಕೊಂಡು, ಕೈಗೆಟಕುವ ಕೊಂಬೆಗೆ ದಾರ ಕಟ್ಟಿ ಹೂವೆಣಿಸಿದೆ. ಒಂದು ಕೊಂಬೆಯ ಹೂವು ಎಣಿಸುವಷ್ಟರಲ್ಲಿ ಬಿಸಿಲು ಏರುತ್ತಿತ್ತು. ಮುಡಿಯ ತುಂಬ ಹೂವುದುರಿ, ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುತ್ತಿದ್ದರು. ಮೂರು ಸಲ ಯಾರೋ ದಾರ ಬಿಚ್ಚಿಕೊಂಡು ಹೋದರು. ಹೊಸದಾಗಿ ಕಟ್ಟಿ ಮತ್ತೆ ಮೊದಲಿಂದ ಎಣಿಸಿದೆ.

ಅಲ್ಲಿ ಪರಿಚಯವಾದವರು ವೆಂಕಟಮ್ಮ. ಆ ರಸ್ತೆ ಗುಡಿಸುವ ಪೌರಕಾರ್ಮಿಕರು. ಮೊದಲ ದಿನ ನನ್ನನ್ನು ಮರ ಕಡಿಸಲು ಬಂದವಳೆಂದುಕೊಂಡು ಪೊರಕೆ ಹಿಡಿದು ನಿಂತಿದ್ದರು.

"ನಂಬರ್ ಆಕಿದ್ ಮೇಲೆ ಮರ ಉಳಿಯಾಕಿಲ್ಲಮ್ಮಾ. ನಾನ್ ನೋಡಿವ್ನಿ."

"ಇದು ಓದೋ ನಂಬರು ವೆಂಕಟಮ್ಮ, ಕಡಿಯೋ ನಂಬರಲ್ಲ."

"ಈ ವಯಸ್ನಾಗಾ?" ಎಂದರು. ಆಮೇಲೆ, "ಓದು ಓದು. ನನ್ ಮಗಳಿಗೂ ಏಳ್ತೀನಿ" ಎಂದು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು.

ಜೂನಿನಲ್ಲಿ ಆರ್ಕಿಡ್ ಹುಡುಕಲು ಹೊರಟೆ. ರಾಜಾನುಕುಂಟೆಯ ಸುತ್ತ ಸಿಕ್ಕ ಬಂಡೆಯನ್ನೆಲ್ಲ ಹತ್ತಿದೆ. ಹಲವು ಬಂಡೆ ಜಲ್ಲಿಯಾಗಿ ಹೋಗಿದ್ದವು. ಉಳಿದವುಗಳ ಮೇಲೆ ಬಾಟಲಿ ಚೂರು. ಎರಡು ತಿಂಗಳು ಏನೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ನಮ್ಮದೇ ಜಮೀನಿನಲ್ಲಿ.

ನಮ್ಮದು ಎಂದರೆ ನನ್ನ ಭಾವನದು. ನಾಗರಾಜನ ಅಣ್ಣ ಮುನಿಶಾಮಪ್ಪನವರದು. ರಾಗಿ ಬೆಳೆಯುತ್ತಿದ್ದ ಹೊಲವನ್ನು ಅವರು ಲೇಔಟ್ ಮಾಡಲು ಹೊರಟಿದ್ದರು. ಹೊಲದ ಮೇಲ್ತುದಿಯಲ್ಲಿ ಆನೆ ಮಲಗಿದಂತೆ ಒಂದು ಬಂಡೆ, ಅದರ ಬುಡದಲ್ಲಿ ನಾಲ್ಕು ಮುದಿ ಹೊಂಗೆ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಊರಿಗೆ ಹೋದವಳು ಸಂಜೆ ಸುಮ್ಮನೆ ಬಂಡೆ ಹತ್ತಿದೆ. ಬಂಡೆಯ ಸಂದಿಯ ತೆಳು ಮಣ್ಣಿನಲ್ಲಿ ಗೇಣುದ್ದದ ಬಿಳಿ ತೆನೆಗಳು ನಿಂತಿದ್ದವು. ಪ್ರತಿ ಹೂವಿನ ಹಿಂದೆ ದಾರದಂಥ ಉದ್ದದ ಬಾಲ. ಕತ್ತಲು ಇಳಿಯುವ ಹೊತ್ತಿಗೆ ಪರಿಮಳ ಎದ್ದಿತು. ಎಲ್ಲಿಂದಲೋ ಒಂದು ದೊಡ್ಡ ಪತಂಗ ಬಂದು ಗಾಳಿಯಲ್ಲೇ ನಿಂತು, ಹೂವಿನೊಳಗೆ ನಾಲಿಗೆ ಇಳಿಸಿತು. ನಾನು ಬಂಡೆಯ ಮೇಲೇ ಕೂತುಬಿಟ್ಟೆ. ರೇಷ್ಮೆ ಸೀರೆಗೆ ಹಾವಸೆ ಮೆತ್ತಿಕೊಂಡದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಮಾರನೇ ದಿನ ಶಾಲಿನಿ ಮೇಡಂ ಸ್ಕೂಟರಿನಲ್ಲಿ ಬಂದರು. ಬಂಡೆ ಮೇಲೆ ಮಂಡಿಯೂರಿ ನೋಡಿ, ಎದ್ದು ನನ್ನನ್ನು ತಬ್ಬಿಕೊಂಡರು. ಹೂ ಬಿಟ್ಟ ಗಿಡ ಹತ್ತೊಂಬತ್ತು. ಪ್ರತಿಯೊಂದಕ್ಕೂ ಪಕ್ಕದಲ್ಲಿ ಬಣ್ಣ ಬಳಿದ ಕಲ್ಲಿಟ್ಟೆವು.

ಹತ್ತು ದಿನ ಕಳೆದಿತ್ತು. ಕಾಯಿ ಕಟ್ಟಿವೆಯೋ ಎಂದು ನೋಡಲು ಹೋದರೆ ಬಂಡೆಯ ಬುಡದಲ್ಲಿ ಜೆಸಿಬಿ ನಿಂತಿತ್ತು. ಇಳಿಜಾರಿನ ಮಣ್ಣು ಆಗಲೇ ಒಂದು ಕಡೆ ಕೆಂಪಗೆ ಬಾಯಿ ತೆರೆದಿತ್ತು. ಓಡಿದೆ. ಕೈ ಅಡ್ಡ ಹಿಡಿದು ಅದರ ಮುಂದೆ ನಿಂತೆ. ಡ್ರೈವರ್ ಎಂಜಿನ್ ಆರಿಸಿ, "ಓನರ್ ಹೇಳಿದ್ರೆ ನಿಲ್ಲಿಸ್ತೀನಿ ಮೇಡಂ, ನನ್ನೇನ್ ಕೇಳ್ತೀರ" ಎಂದ. ಓನರ್ ಬಿಳಿ ಶರಟು ಹಾಕಿಕೊಂಡು ಕೊಡೆ ಹಿಡಿದು ಅಲ್ಲೇ ಬರುತ್ತಿದ್ದರು.

"ಏನಮ್ಮಾ ಮಂಜುಳಾ, ಮಳೇಲಿ ಇಂಗ್ ನಿಂತಿದ್ದೀಯ?"

ಅವರನ್ನು ಬಂಡೆಗೆ ಹತ್ತಿಸಿ ಗಿಡ ತೋರಿಸಿದೆ. ಬಗ್ಗಿ ನೋಡಿದರು.

"ಚಿಕ್ಕುಡುಗನಿಂದ ಈ ಬಂಡೆ ಮೇಲೆ ಎಮ್ಮೆ ಮೇಯ್ಸಿದೀನಿ. ಇಂಥದ್ದೊಂದ್ ಊವ ಕಣ್ಣಿಗೇ ಬಿದ್ದಿಲ್ವಲ್ಲ. ಔಸದಿಗ್ ಬತ್ತದಾ?"

"ಗೊತ್ತಿಲ್ಲ ಭಾವ."

"ಮುಡಿಯಕ್ಕೆ?"

"ಇಲ್ಲ."

"ದನ ತಿಂತವಾ?"

"ಇಲ್ಲ."

"ಮತ್ತಿನ್ಯಾಕಮ್ಮ?"

"ಇದಕ್ಕೆ ಬೀಜ ಆಗೋವರೆಗಾದ್ರೂ ಬಿಡಿ. ನನ್ನ ಇಡೀ ವರ್ಷ ಇದರ ಮೇಲಿದೆ" ಎಂದೆ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಭಾವನನ್ನು ನಾನು ಏನೂ ಕೇಳಿರಲಿಲ್ಲ. ಅದು ಅವರಿಗೂ ನೆನಪಿಗೆ ಬಂದಿರಬೇಕು. ಕೊಡೆಯನ್ನು ನನ್ನ ತಲೆ ಮೇಲೆ ಹಿಡಿದರು.

"ದೀಪಾವಳಿ ಗಂಟ ಬಿಡ್ತೀನಿ. ಆಮ್ಯಾಕೆ ಕೇಳ್ಬ್ಯಾಡ."

ಸಿಕ್ಕ ಆ ಎರಡು ತಿಂಗಳಿನಲ್ಲೇ ನನ್ನ ಪ್ರಾಜೆಕ್ಟು ತಿರುಗಿದ್ದು. ಹೂ ಬಿಟ್ಟ ಗಿಡವನ್ನು ಮಾತ್ರ ಎಣಿಸಿದ್ದಕ್ಕೆ ಮೇಡಂ ನನ್ನ ಪುಸ್ತಕಕ್ಕೆ ಕೆಂಪು ಗೆರೆ ಎಳೆದಿದ್ದರು. "ಮರಿ ಎಲ್ಲಿ? ದೊಡ್ಡವನ್ನಷ್ಟೇ ಎಣಿಸಿದ್ರೆ ಅದು ಜನಗಣತಿನೇ ಅಲ್ಲ." ಮತ್ತೆ ಹೋದೆ. ಈ ಸಲ ನೈಟಿ ಮೇಲೆ ಹಳೇ ಶರಟು ಹಾಕಿಕೊಂಡು, ಗೋಣಿತಾಟು ಹಾಸಿ ಹೊಟ್ಟೆ ಮೇಲೆ ಮಲಗಿದೆ. ಮೂಗು ನೆಲಕ್ಕೆ ತಾಗುವಷ್ಟು ಹತ್ತಿರದಿಂದ ನೋಡಿದರೆ, ಇಷ್ಟು ದಿನ ಕಳೆ ಎಂದುಕೊಂಡು ತುಳಿದಿದ್ದ ಒಂಟಿ ಎಲೆಗಳು! ಬೆರಳಿನ ಉಗುರಿನಷ್ಟು, ಕೆಲವು ರೂಪಾಯಿ ನಾಣ್ಯದಷ್ಟು, ಬಂಡೆಯ ಹಾವಸೆಯ ನಡುವೆ ನೆಲಕ್ಕೆ ಒತ್ತಿಕೊಂಡು. ಒಂದನ್ನು ಹುಷಾರಾಗಿ ಕೆದಕಿದೆ. ಕೆಳಗೆ ಕಡಲೆಕಾಳಿನಷ್ಟು ಗೆಡ್ಡೆ. ಮತ್ತೆ ಮಣ್ಣು ಮುಚ್ಚಿದೆ. ಅದರ ಮರಿ. ಅಲ್ಲೊಂದು, ಇಲ್ಲೊಂದು, ಅಗೋ ಅಲ್ಲಿ ಐದು. ಎರಡು ದಿನ ಎಣಿಸಿದೆ. ಹೂ ಬಿಟ್ಟಿದ್ದ ಹತ್ತೊಂಬತ್ತಕ್ಕೆ ಮರಿಗಳು ಐವತ್ತನ್ನು ದಾಟಿದವು.

ದೀಪಾವಳಿಗೆ ಕಾಯಿ ಒಣಗಿ ಸೀಳು ಬಿಟ್ಟವು. ಒಂದು ಕಾಯಿಯನ್ನು ಅಂಗೈ ಮೇಲೆ ತಟ್ಟಿದರೆ ಮೈದಾ ಹಿಟ್ಟಿನಂಥ ಧೂಳು. ಅಷ್ಟೂ ಬೀಜ. ಲ್ಯಾಬಿನಲ್ಲಿ ಬಿತ್ತಿದ್ದು ಒಂದೂ ಮೊಳೆಯಲಿಲ್ಲ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಊಟ ಕೊಟ್ಟರೆ ಮಾತ್ರ ಅದು ಮೊಳೆಯುವುದು. ಅದು ಆ ಬಂಡೆಯ ಮಣ್ಣಿನಲ್ಲಿದೆ, ನನ್ನ ಗಾಜಿನ ತಟ್ಟೆಯಲ್ಲಿಲ್ಲ. ಗಿಡಗಳನ್ನು ಕಿತ್ತು ಬೇರೆ ಕಡೆ ನೆಟ್ಟುಬಿಡೋಣ ಎಂದು ನಾಗರಾಜ ಹೇಳಿದ್ದು ಅದಕ್ಕೇ ಆಗುವಂತಿರಲಿಲ್ಲ.

ಇನ್ನೊಂದು ಕಡೆ ಹೊಂಗೆ. ರಸ್ತೆ ಬದಿಯ ಸಾಲಿನಲ್ಲಿ ಮರಿ ಹುಡುಕಿದೆ. ಒಂದು ಮರ, ಎರಡು ಮರ, ಸಾಲು ಮುಗಿಯುವವರೆಗೆ. ಕಾಂಡದ ಸುತ್ತ ಒಂದು ಬೆರಳು ಮಣ್ಣು ಬಿಡದಂತೆ ಕಾಂಕ್ರೀಟು. ಬಿದ್ದ ಕಾಯಿ ಏನಾಗುತ್ತದೆ ಎಂದು ವೆಂಕಟಮ್ಮನನ್ನು ಕೇಳಿದೆ.

"ಒಂದನ್ನೂ ಬುಡಾಕಿಲ್ಲ. ಬುಟ್ರೆ ಮೇಸ್ತ್ರಿ ಬೈತಾನೆ. ಎಲ್ಲಾ ಕಸದ್ ಗಾಡಿಗೆ."

ಸುತ್ತಳತೆ ಬರೆದ ಪುಸ್ತಕ ತೆರೆದು ರಸ್ತೆ ಬದಿಯಲ್ಲೇ ಕೂತೆ. ಎಲ್ಲವೂ ದಪ್ಪ ಮರ. ತೆಳ್ಳನೆಯದು, ಎಳೆಯದು ಒಂದೂ ಇಲ್ಲ. ಸತ್ತ ಮರದ ಜಾಗದಲ್ಲಿ ನೆಟ್ಟಿದ್ದೆಲ್ಲ ಗುಲಾಬಿ ಬಣ್ಣದ ಹೂ ಬಿಡುವ ಬೇರೆ ಜಾತಿಯ ಮರ. ಭಾವನ ಹೊಲದ ನಾಲ್ಕು ಹೊಂಗೆಯ ಕೆಳಗೂ ಟ್ರಾಕ್ಟರ್ ಓಡಾಡಿ ನೆಲ ಗಟ್ಟಿಯಾಗಿ ಏನೂ ಮೊಳೆತಿರಲಿಲ್ಲ. ಅಪರೂಪದ್ದೆಂದು ನಾನು ಮರುಗುತ್ತಿದ್ದ ಗಿಡದ ಮನೆ ತುಂಬ ಮಕ್ಕಳು. ಎಲ್ಲೆಲ್ಲೂ ಇದೆ ಎಂದು ಎಲ್ಲರೂ ನಕ್ಕ ಮರಕ್ಕೆ, ನಾನು ಅಳೆದ ದಾರಿಯಲ್ಲಿ, ಒಂದು ಮಗುವಿಲ್ಲ.

ಗಡುವು ಮುಗಿದ ಮೇಲೆ ಭಾವನೇ ಫೋನ್ ಮಾಡಿದರು. "ಮುಗೀತೇನಮ್ಮ? ನಾಳೆ ಗಾಡಿ ಕರೆಸ್ತೀನಿ."

"ಕರೆಸಿ ಭಾವ. ಅದಕ್ಕೆ ಮುಂಚೆ ಒಂದು ಗಂಟೆ ನನ್ ಜೊತೆ ಬನ್ನಿ."

ಅವರನ್ನು ಬಂಡೆಗೆ ಕರೆದೊಯ್ಯಲಿಲ್ಲ. ರಸ್ತೆಯ ಸಾಲಿಗೆ ಕರೆದುಕೊಂಡು ಹೋದೆ. "ಇದರ ಒಂದು ಸಸಿ ತೋರಿಸಿ ಭಾವ. ನಿಮ್ಮಷ್ಟು ಈ ಮರ ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ."

"ಒಂಗೆ ಸಸಿಗೇನ್ ಬರ?" ಎಂದು ಪಂಚೆ ಎತ್ತಿಕಟ್ಟಿ ಹೊರಟರು. ಒಂದು ಮರದ ಬುಡ, ಇನ್ನೊಂದು ಮರದ ಬುಡ. ಚರಂಡಿಯಲ್ಲಿ ಇಣುಕಿದರು. ಬೇಲಿಯ ಒಳಗೆ ನೋಡಿದರು. ಅರ್ಧ ದಾರಿಗೆ ಅವರ ನಡಿಗೆ ನಿಧಾನವಾಯಿತು. ಕೊನೆಯ ಮರದ ಕೆಳಗೆ ಕರ್ಚೀಫಿನಿಂದ ಮುಖ ಒರೆಸಿಕೊಂಡರು.

"ನಮ್ಮಪ್ಪ ಗದ್ದೆಗೆ ಒಂಗೆ ಸೊಪ್ಪು ಒರುಸ್ತಿದ್ದ. ತಲೆ ಮ್ಯಾಲೆ ಒರೆ, ಕಣ್ಣಿಗೆಲ್ಲ ಇರುವೆ. ದೀಪಕ್ಕೆ ಅದ್ರದ್ದೇ ಎಣ್ಣೆ. ಎತ್ತಿಗೆ ಗಾಯ ಆದ್ರೆ ಅದೇ. ನನ್ ಮದುವೆ ಚಪ್ರಕ್ಕೂ ಅದೇ ಸೊಪ್ಪು." ಬುಡದ ಕಾಂಕ್ರೀಟನ್ನು ಕಾಲಿನಿಂದ ಒತ್ತಿ ನೋಡಿದರು. ಆಮೇಲೆ, "ಎಂಗಮ್ಮಾ ಇದು? ನೋಡ್ತಾ ನೋಡ್ತಾ ಇಂಗಾಗೋಯ್ತಾ?" ಎಂದರು.

ಆಗ ನಾನು ಹೇಳಬೇಕೆಂದಿದ್ದನ್ನು ಹೇಳಿದೆ. "ಲೇಔಟಲ್ಲಿ ಪಾರ್ಕಿಗೆ ಹೇಗೂ ಜಾಗ ಬಿಡ್ಲೇಬೇಕಲ್ವಾ ಭಾವ. ಕೆಳಗಿನ ಮೂಲೇಲಿ ಬಿಟ್ಟಿದ್ದೀರ. ಅದನ್ನ ಮೇಲಕ್ಕೆ ತನ್ನಿ. ಬಂಡೆ, ನಾಲ್ಕು ಹೊಂಗೆ, ಸುತ್ತ ಒಂದಿಷ್ಟು ಮಣ್ಣು. ಅಲ್ಲಿ ಯಾರೂ ಕಾಂಕ್ರೀಟ್ ಹಾಕ್ಬಾರ್ದು, ಕಾಯಿ ಗುಡಿಸ್ಬಾರ್ದು. ಅಷ್ಟೇ."

ಬಂಡೆ ಒಡೆಸುವುದೂ ಸುಲಭವಿರಲಿಲ್ಲ, ನಕ್ಷೆಯೂ ಇನ್ನೂ ಒಪ್ಪಿಗೆಗೆ ಹೋಗಿರಲಿಲ್ಲ ಎನ್ನುವುದು ನಿಜ. ಆದರೆ ಅವರು ಆ ಲೆಕ್ಕ ಹಾಕಲಿಲ್ಲ. ಅಲ್ಲೇ ನಿಂತು ಸರ್ವೇಯರಿಗೆ ಫೋನ್ ಹಚ್ಚಿದರು. "ಪಾರ್ಕು ಮ್ಯಾಲಕ್ ಆಕಪ್ಪ. ಊಂ, ಬಂಡೆ ತಾವ. ಯಾಕೆ ಅಂತ ಕೇಳ್ಬ್ಯಾಡ, ಒಂದ್ ಸಂಸಾರ ವಾಸ ಐತೆ ಅಲ್ಲಿ."

ನಾನು ಮುಖ ಆ ಕಡೆ ತಿರುಗಿಸಿಕೊಂಡು ಅತ್ತೆ.

ಶಿವರಾತ್ರಿ ಕಳೆದ ಮೇಲೆ ಹೊಂಗೆ ಕಾಯಿ ಬಲಿತು ಉದುರತೊಡಗಿತು. ವೆಂಕಟಮ್ಮ ಗಾಡಿಗೆ ಹಾಕದೆ ಎರಡು ಗೋಣಿಚೀಲ ತುಂಬಿಸಿ ಎತ್ತಿಟ್ಟಿದ್ದರು. ಭಾವ ತಮ್ಮ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದರು. ಬಂಡೆಯ ಆಚೆ ಬದಿಯ ನೆಲ ಗುದ್ದಲಿಯಿಂದ ಸಡಿಲ ಮಾಡಿ ನಾವು ಮೂವರೂ ಬಿತ್ತಿದೆವು. ಭಾವ ಗುದ್ದಲಿ ಹಿಡಿದು ಎಷ್ಟೋ ವರ್ಷವಾಗಿತ್ತು. ಅಂಗೈ ಬೊಬ್ಬೆ ಎದ್ದರೂ ಬಿಡಲಿಲ್ಲ. ಮೂರು ವಾರಕ್ಕೆ ತಾಮ್ರದ ಬಣ್ಣದ ಎಳೆ ಎಲೆ ಮಣ್ಣೊಡೆದು ಬಂದವು. ಆ ಫೋಟೋವನ್ನು ಕ್ಲಾಸಿನ ಗುಂಪಿಗೆ ಕಳಿಸಿದೆ. ಆರ್ಕಿಡ್ ಫೋಟೋಗೆ ಬಂದದ್ದಕ್ಕಿಂತ ಹೆಚ್ಚು ಚಪ್ಪಾಳೆ ಬಂದವು.

ಮೇ ತಿಂಗಳಲ್ಲಿ ವೈವಾ. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯರು, ಮಾತು ಖಾರ ಎಂದು ಹೆಸರಾದವರು. ನನಗಿಂತ ಮುಂಚೆ ಹೋದ ಹುಡುಗಿ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಒಳಗೆ ಹೋದೆ. ಪುಟ ತಿರುಗಿಸುತ್ತ ಅವರು ಕೇಳಿದರು:

"ರಸ್ತೆ ಮರದ ಕೆಳಗೆ ಸಸಿ ಇಲ್ಲ ಅನ್ನೋದು ಒಂದು ಶೋಧನೆಯೇನಮ್ಮ? ನೆಟ್ಟ ಮರ. ಹೋದ್ರೆ ಇನ್ನೊಂದು ನೆಡ್ತಾರೆ."

"ನೆಡ್ತಿಲ್ಲ ಸರ್. ಸತ್ತ ಮರದ ಜಾಗದಲ್ಲಿ ಏನಿದೆ ಅಂತ ಒಂದೊಂದಾಗಿ ಬರೆದಿದ್ದೀನಿ, ಹಿಂದಿನ ಪುಟದಲ್ಲಿದೆ. ಒಂದೂ ಹೊಂಗೆಯಲ್ಲ. ಇವತ್ತು ಅದು ಎಲ್ಲೆಲ್ಲೂ ಕಾಣೋದು ನಮ್ಮ ಅಜ್ಜಂದಿರು ನೆಟ್ಟಿದ್ದರಿಂದ. ಆರ್ಕಿಡ್ಡಿಗೆ ಒಂದು ಬಂಡೆ ಬಿಟ್ರೆ ತನ್ನ ಪಾಡಿಗೆ ತಾನು ಬದುಕುತ್ತೆ. ಹೊಂಗೆಗೆ ಈಗ ನಾವು ಬೇಕು."

ಅವರು ಹಿಂದಿನ ಪುಟ ತೆರೆದರು. ಬಹಳ ಹೊತ್ತು ಓದಿದರು. ಕನ್ನಡಕ ತೆಗೆದು ಕೇಳಿದರು, "ಇದಕ್ಕೆ ಮೊದಲು ಏನ್ ಕೆಲಸ ಮಾಡ್ತಿದ್ರಿ ನೀವು?"

'ಅಮ್ಮ' ಹೋಗಿ 'ನೀವು' ಬಂದಿತ್ತು.

"ಲ್ಯಾಬ್ ಅಸಿಸ್ಟೆಂಟ್ ಸರ್. ಹದಿನೈದು ವರ್ಷ."

"ಅದಕ್ಕೇ ಒಂದು ಎಣಿಕೆಯೂ ತಪ್ಪಿಲ್ಲ." ಪುಸ್ತಕ ಮುಚ್ಚಿ ಶಾಲಿನಿ ಮೇಡಂ ಕಡೆ ತಿರುಗಿದರು. "ಈ ವರ್ಷ ನಾನು ಓದಿದ್ದರಲ್ಲಿ ಇದೇ ಒಳ್ಳೇದು." ಎದ್ದು ನಿಂತು ನನಗೆ ಕೈ ಮುಗಿದರು. ಮೇಡಂ ಮೇಜಿನ ಕೆಳಗೆ ಮುಷ್ಟಿ ಬಿಗಿದು ಕುಣಿಸುತ್ತಿದ್ದದ್ದು ನನಗಷ್ಟೇ ಕಂಡಿತು.

ಹೊರಗೆ ಬಂದರೆ ಗೇಟಿನ ಒಳಬದಿಯಲ್ಲೇ ಭಾವನ ಬಿಳಿ ಕಾರು. ಅಂಗಡಿ ಬಿಟ್ಟು ಬರಲಾಗದ ನಾಗರಾಜನ ಬದಲು ತಾವೇ ಬೆಳಿಗ್ಗೆ ನನ್ನನ್ನು ಬಿಟ್ಟು, ಹೋಗದೆ ಅಲ್ಲೇ ಬಿಸಿಲಿನಲ್ಲಿ ಕಾದಿದ್ದರು.

"ಏನಂದ್ರಮ್ಮ?"

"ಎಲ್ಲಕ್ಕಿಂತ ಒಳ್ಳೇದಿದು ಅಂದ್ರು ಭಾವ."

ಅವರು ಕಾಲೇಜಿನ ಸೆಕ್ಯೂರಿಟಿಯವನ ಕಡೆ ತಿರುಗಿ, ಆಚೆ ಬದಿಯ ಬಸ್ ಸ್ಟಾಪಿನವರೆಗೂ ಕೇಳುವಂತೆ ಕೂಗಿದರು:

"ಏಯ್, ಗೇಟ್ ಪೂರ್ತಿ ತೆಗ್ಯಪ್ಪ! ಒಂದ್ ಕಡೆ ಅಲ್ಲ, ಎರಡೂ ಕಡೆ ತೆಗಿ! ನಮ್ ಮನೆ ಎಣ್ಮಗಳು ಎಂ.ಎಸ್ಸಿ. ಪಾಸಾಗಿ ಬತ್ತಾವ್ಳೆ!"

ಸೆಕ್ಯೂರಿಟಿಯವನು ನಿಜವಾಗಿಯೂ ಎರಡೂ ಬಾಗಿಲು ತೆರೆದು, ಸೆಲ್ಯೂಟ್ ಹೊಡೆದ. ನಾನು ನಡುರಸ್ತೆಯಂಥ ಆ ದಾರಿಯ ಮಧ್ಯದಲ್ಲೇ, ತಲೆ ಎತ್ತಿಕೊಂಡು, ನಿಧಾನವಾಗಿ ನಡೆದು ಹೊರಗೆ ಬಂದೆ.